ತಂತಿ ಸುದ್ದಿಯ ಚಂದಾ ಕಟ್ಟುವವರು ಯಾರು?

1 ಫೆಬ್ರವರಿ 2025, ಶನಿವಾರ

ಇಂದು ಬಜೆಟ್. ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಪಿಟಿಐ (ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ) ಸುದ್ದಿ ಕಳಿಸಲು ತೊಡಗಿದ್ದೂ ಇದೇ ತಾರೀಖಿಗೆ, 1949ರಲ್ಲಿ. 1947ರ ಆಗಸ್ಟ್ 27ರಂದು ಮದ್ರಾಸಿನಲ್ಲಿ ನೋಂದಣಿಯಾದ ಸಂಸ್ಥೆ, ಬ್ರಿಟನ್ನಿನ ಸುದ್ದಿ ಸಂಸ್ಥೆ ರಾಯಿಟರ್ಸ್ ಕೈಯಲ್ಲಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾವನ್ನು ವಹಿಸಿಕೊಂಡಿತು. ರಾಯಿಟರ್ಸ್ ನಂಟಿನಿಂದ ಪೂರ್ತಿ ಬಿಡಿಸಿಕೊಳ್ಳಲು 1953ರವರೆಗೆ ಕಾಯಬೇಕಾಯಿತು. ಪತ್ರಿಕೆಗಳೇ ಇದರ ಮಾಲೀಕರು. ಲಾಭ ಬಂದರೂ ಹಂಚಿಕೊಳ್ಳುವಂತಿಲ್ಲ.

ಪಿಟಿಐ ಸುದ್ದಿ ಬರುವುದು ಇಂಗ್ಲಿಷ್‌ನಲ್ಲಿ, 1986ರಿಂದ ‘ಭಾಷಾ’ ಹೆಸರಲ್ಲಿ ಹಿಂದಿಯಲ್ಲೂ. ಕನ್ನಡ ಮಾಡುವ ಕೆಲಸ ಉಪಸಂಪಾದಕರದು. ಮೊದಲು ಒಂದು ಸಾಲಿನ ಸ್ನ್ಯಾಪ್, ಹಿಂದೆಯೇ ಎರಡು ಮೂರು ಪ್ಯಾರಾ, ಆಮೇಲೆ ಹೊಸ ಮಾಹಿತಿ ಸೇರಿಸಿ ಮತ್ತೆ ಬರೆದ ಹೊಸ ಹೊಸ ಲೀಡ್‌ಗಳು. ಸ್ನ್ಯಾಪ್ ಒಂದನ್ನೇ ನಂಬಿ ಶೀರ್ಷಿಕೆ ಕಟ್ಟಿದರೆ ಎಡವಟ್ಟು. ಇಂದಿನದನ್ನೇ ನೋಡಿ: ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬುದು ಸರಿ, ‘ವಿನಾಯಿತಿ ಮಿತಿ 12 ಲಕ್ಷಕ್ಕೆ ಏರಿಕೆ’ ಎಂಬುದು ತಪ್ಪು. ಹೊಸ ತೆರಿಗೆ ಪದ್ಧತಿಯಲ್ಲಿ ಮಿತಿ 4 ಲಕ್ಷ ಮಾತ್ರ, ಮಿಕ್ಕಿದ್ದು ರಿಬೇಟ್, ಅಂದರೆ ಲೆಕ್ಕ ಹಾಕಿದ ತೆರಿಗೆಯನ್ನು ಮನ್ನಾ ಮಾಡುವುದು. ಸಂಬಳದಾರರಿಗೆ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಹಳೆ ಪದ್ಧತಿಯಲ್ಲಿರುವವರಿಗೆ ಇದ್ಯಾವುದೂ ಇಲ್ಲ. ಇಷ್ಟೂ ತಿಳಿಯಬೇಕಾದರೆ ಎರಡನೇ ಮೂರನೇ ಲೀಡ್ ಓದಲೇಬೇಕು.

ಬಿಲಿಯನ್ ಇನ್ನೊಂದು ಗುಂಡಿ: 1 ಬಿಲಿಯನ್ ಅಂದರೆ 100 ಕೋಟಿ, ಅವಸರದಲ್ಲಿ 10 ಕೋಟಿಯಾಗುತ್ತದೆ. ‘ಪೊಲೀಸರು ತಿಳಿಸಿದ್ದಾರೆ’ ಎಂಬ ಬಾಲ ಅನುವಾದದಲ್ಲಿ ಉದುರಿದರಂತೂ ಆರೋಪವೇ ಸತ್ಯವಾಗಿ ಅಚ್ಚಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಸುದ್ದಿ ಹಿಂಪಡೆದ ಸೂಚನೆ, ಬಂದ ಸುದ್ದಿಗಳ ಕ್ಯೂನಲ್ಲಿ ಕೆಳಗೆ ಸರಿದುಹೋಗುವುದು. ಪ್ರತಿ ಪುಟ ಬಿಡುವ ಮುನ್ನ ತಿದ್ದುಪಡಿ ಎಂದು ಹುಡುಕಿ ನೋಡುವ ಅಭ್ಯಾಸ ಉಪಸಂಪಾದಕರ ಡೆಸ್ಕಿಗೆ ಬೇಕೇ ಬೇಕು.

ಇಷ್ಟೆಲ್ಲ ಹೊರುವ ಸಂಸ್ಥೆ ನಿಂತಿರುವುದು ಚಂದಾ ಹಣದ ಮೇಲೆ. ಅದರ ಕುತ್ತಿಗೆಯೂ ಅಲ್ಲೇ ಇದೆ. ತುರ್ತು ಪರಿಸ್ಥಿತಿಯಲ್ಲಿ ಪಿಟಿಐ, ಯುಎನ್‌ಐ, ಹಿಂದುಸ್ತಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕೂ ಸುದ್ದಿ ಸಂಸ್ಥೆಗಳನ್ನು 1976ರ ಫೆಬ್ರವರಿಯಲ್ಲಿ ‘ಸಮಾಚಾರ್’ ಎಂಬ ಒಂದೇ ಚೀಲಕ್ಕೆ ತುಂಬಿದರು. ಆಕಾಶವಾಣಿಯಂಥ ದೊಡ್ಡ ಗಿರಾಕಿ ಸರ್ಕಾರದ ಕೈಯಲ್ಲಿದ್ದಾಗ ಎದುರು ನಿಲ್ಲುವುದು ಸುಲಭವಿರಲಿಲ್ಲ. ಅವು ಮತ್ತೆ ಬೇರೆಯಾದದ್ದು 1978ರ ಏಪ್ರಿಲ್‌ನಲ್ಲಿ. 2020ರ ಅಕ್ಟೋಬರ್‌ನಲ್ಲಿ ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯು ಪಿಟಿಐ, ಯುಎನ್‌ಐ ಎರಡರ ಚಂದಾವನ್ನೂ ನಿಲ್ಲಿಸಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಚೀನಾ ಗಡಿ ವಿಚಾರದ ವರದಿಗಾಗಿ ಪಿಟಿಐಗೆ ಅದರಿಂದ ಖಾರದ ಪತ್ರ ಹೋಗಿತ್ತು.

ಪಿಟಿಐ ತಡೆದುಕೊಂಡಿತು. 1961ರ ಮಾರ್ಚ್ 21ರಿಂದ ಸುದ್ದಿ ಕೊಡುತ್ತ ಬಂದ ಯುಎನ್‌ಐ ಸೊರಗಿತು. 2023ರಲ್ಲಿ ದಿವಾಳಿ ಪ್ರಕ್ರಿಯೆಗೇ ಹೋಯಿತು. ನಮ್ಮ ಡೆಸ್ಕ್‌ಗಳಿಗೆ ಇದು ನೇರ ನಷ್ಟ. ಅಪಘಾತದ ಸುದ್ದಿ ಬಂದರೆ ಎರಡೂ ಕಾಪಿ ಪಕ್ಕಪಕ್ಕ ಇಟ್ಟು ಸತ್ತವರ ಸಂಖ್ಯೆ ತಾಳೆ ನೋಡಬಹುದಿತ್ತು. ಒಂದರಲ್ಲಿ 11, ಇನ್ನೊಂದರಲ್ಲಿ 14 ಎಂದಿದ್ದರೆ ಜಿಲ್ಲಾ ವರದಿಗಾರರಿಗೆ ಫೋನ್ ಹೋಗುತ್ತಿತ್ತು. ಒಂದೇ ಕಾಪಿ ಇದ್ದಾಗ ಆ ಫೋನ್ ಮಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.