ಮೌಸ್ ಮುಟ್ಟದ ಮೇಷ್ಟ್ರು: ಐದು ವಾರದ ಲೆಕ್ಕ

ಕಂಪ್ಯೂಟರ್ ಮುಟ್ಟಿಯೇ ಇಲ್ಲದವರಿಗೆ ಪಿಂಚಣಿ, ಸಹಾಯಧನದ ಅರ್ಜಿಯನ್ನು ತಾವೇ ಆನ್‌ಲೈನ್‌ನಲ್ಲಿ ಹಾಕೋದು ಕಲಿಸ್ತೀನಿ ಅಂತ ಹೊರಟು ಐದು ವಾರ ಆಯಿತು. ವಾರಕ್ಕೆ ಎರಡು ಸಂಜೆ, ನಾಲ್ಕು ಹಳೇ ಲ್ಯಾಪ್‌ಟಾಪ್, ಆರು ಜನ.

ಮೊದಲ ವಾರ

ಬಂದವರನ್ನು ನೇರ ಅರ್ಜಿ ಮುಂದೆ ಕೂರಿಸಿದೆ. ತಪ್ಪು ಮಾಡಿದೆ. "ಹೆಸರು ಟೈಪ್ ಮಾಡಿ" ಅಂದರೆ ಒಬ್ಬ ಅಜ್ಜ ಕೀಬೋರ್ಡನ್ನೇ ನೋಡ್ತಾ ಕೂತರು. "ಇದೇನಪ್ಪಾ, ಎ ಪಕ್ಕದಲ್ಲಿ ಎಸ್ ಇದೆ? ಬಿ ಎಲ್ಲಿ ಹೋಯ್ತು?" ಕೇಳಿದ್ದು ಸರಿಯಾಗೇ ಇದೆ. 1870ರ ದಶಕದ ಟೈಪ್‌ರೈಟರ್ ಜೋಡಣೆ ಹಾಗೇ ಉಳಿದುಕೊಂಡಿದೆ ಅಂತ ಹೇಳಿದೆ. ಅಷ್ಟರಲ್ಲಿ ಸಂಜೆ ಮುಗಿಯಿತು.

ಎರಡನೇ ವಾರ

ಅರ್ಜಿ ಮುಚ್ಚಿಟ್ಟು ಬರೀ ಮೌಸ್. ಡಬಲ್ ಕ್ಲಿಕ್ ಯಾರಿಗೂ ಬರಲಿಲ್ಲ. ಒತ್ತುತ್ತಾರೆ, ಉಸಿರು ತಗೊಳ್ತಾರೆ, ಮತ್ತೆ ಒತ್ತುತ್ತಾರೆ. ವಿಂಡೋಸ್‌ನಲ್ಲಿ ಎರಡು ಒತ್ತಿನ ನಡುವೆ ಸಿಗೋದು ಅರ್ಧ ಸೆಕೆಂಡ್ ಮಾತ್ರ. ಮೌಸ್ ಸೆಟ್ಟಿಂಗ್‌ನಲ್ಲಿ ಆ ವೇಗವನ್ನು ತೀರಾ ನಿಧಾನಕ್ಕೆ ಇಟ್ಟೆ, ಬಾಣದ ಗುರುತನ್ನು ದೊಡ್ಡದು ಮಾಡಿದೆ. ಹತ್ತೇ ನಿಮಿಷಕ್ಕೆ ಫೋಲ್ಡರ್ ತೆರೆದುಕೊಂಡವು. ಎರಡು ದಿನದಿಂದ ನಾನು ಅವರ ಕೈಯನ್ನು ಬೈದುಕೊಳ್ತಿದ್ದೆ, ಸರಿ ಮಾಡಬೇಕಿದ್ದದ್ದು ಯಂತ್ರವನ್ನು. ಆಮೇಲೆ ಎಲ್ಲರೂ ಸಾಲಿಟೇರ್ ಅನ್ನೋ ಇಸ್ಪೀಟ್ ಆಟ ಆಡಿದರು. ಎಲೆ ಹಿಡಿದು ಎಳೆಯೋದು ಬಂದರೆ ಪುಟ ಮೇಲೆ ಕೆಳಗೆ ಸರಿಸೋ ಸ್ಕ್ರಾಲ್ ಬಾರ್ ಎಳೆಯೋದೂ ಬಂದ ಹಾಗೆ.

ಮೂರನೇ ವಾರ

ಒಂದು ನಕಲಿ ಅರ್ಜಿ ಮಾಡಿಕೊಂಡೆ. ಸುಳ್ಳು ಹೆಸರು, ಸುಳ್ಳು ಹುಟ್ಟಿದ ದಿನ. ತಪ್ಪಾದರೂ ಯಾರ ಹಣವೂ ನಿಲ್ಲಲ್ಲ ಅಂತ ಗೊತ್ತಾದ ಮೇಲೆ ಕೈ ನಡುಗೋದು ಕಮ್ಮಿ ಆಯಿತು. ಪಾಸ್‌ವರ್ಡ್ ಜಾಗದಲ್ಲಿ ಮಾತ್ರ ಒಬ್ಬ ಅಕ್ಕ ನಿಂತುಬಿಟ್ಟರು. "ನಾನು ಅಕ್ಷರ ಒತ್ತಿದರೆ ಇದು ಚುಕ್ಕೆ ಹಾಕ್ತಿದೆ, ಕೆಟ್ಟಿದೆ." ಪಕ್ಕದ ಕಣ್ಣಿನ ಗುರುತು ಒತ್ತಿ ತೋರಿಸಿದೆ. ಎಲ್ಲ ಅಕ್ಷರವನ್ನೂ ದೊಡ್ಡದು ಮಾಡೋ ಕ್ಯಾಪ್ಸ್ ಲಾಕ್ ಆನ್ ಆಗಿತ್ತು ಅನ್ನೋದೂ ಆಗಲೇ ಕಂಡಿತು.

ನಾಲ್ಕನೇ ವಾರ

ಕೆಟ್ಟ ವಾರ. ಒಬ್ಬ ಅಮ್ಮನ ನಿಜವಾದ ಅರ್ಜಿ. ಫೋನ್‌ನಲ್ಲಿ ತೆಗೆದ ಫೋಟೋ 4 ಎಂಬಿ, ವೆಬ್‌ಸೈಟ್ ಕೇಳೋದು 200 ಕೆಬಿ ಒಳಗೆ. ಉದ್ದ ಅಗಲ ಎರಡನ್ನೂ ಅರ್ಧ ಮಾಡಿದರೆ ಫೋಟೋದ ಚುಕ್ಕೆಗಳು (ಪಿಕ್ಸೆಲ್) ಕಾಲು ಭಾಗಕ್ಕೆ ಇಳಿಯುತ್ತವೆ ಅಂತ ವಿವರಿಸ್ತಾ ನಿಂತೆ. ವಾಪಸ್ ಬಂದರೆ ಪುಟ ಲಾಗ್‌ಔಟ್ ಆಗಿ, ತುಂಬಿದ್ದೆಲ್ಲ ಮಾಯ. ಸಮಯ ಮುಗಿಯೋ ಮುಂಚೆ ಎಚ್ಚರಿಸಿ, ಇನ್ನಷ್ಟು ಸಮಯ ಕೇಳಲು ಕನಿಷ್ಠ 20 ಸೆಕೆಂಡ್ ಕೊಡಿ ಅಂತ ವೆಬ್‌ಸೈಟ್ ಎಲ್ಲರಿಗೂ ಬಳಸೋಕೆ ಆಗೋ ಹಾಗಿರಬೇಕು ಅನ್ನೋ ಮಾನದಂಡದಲ್ಲೇ (WCAG) ಇದೆ. ಇಲ್ಲಿ ಒಂದು ಎಚ್ಚರಿಕೆಯೂ ಬರಲಿಲ್ಲ.

ಅವಸರಕ್ಕೆ ನಾನೇ ಮೌಸ್ ಕಿತ್ತುಕೊಂಡು ಮತ್ತೆ ತುಂಬಿದೆ. ಫೋನ್ ಟಿಣ್ ಅಂದಾಗ "ಒಟಿಪಿ ಎಷ್ಟು ಬಂತು ಅಮ್ಮಾ?" ಅಂತ ಕೇಳಿಯೂ ಬಿಟ್ಟೆ. ಅವರು ಜೋರಾಗಿ ಓದಿ ಹೇಳಿದರು. ಮನೆಗೆ ಹೋದ ಮೇಲೆ ಹೊಳೆಯಿತು: ಕೇಳಿದವರಿಗೆಲ್ಲ ಒಟಿಪಿ ಹೇಳಬೇಕು ಅಂತ ಅವರಿಗೆ ಕಲಿಸಿಕೊಟ್ಟವನು ನಾನೇ, ಅಲ್ವಾ!

ಐದನೇ ವಾರ

ಈಗ ಒಟಿಪಿ ಬಂದರೆ ನಾನು ಬೆನ್ನು ತಿರುಗಿಸಿ ನಿಲ್ತೀನಿ. ಕೈ ಎರಡೂ ಹಿಂದೆ ಕಟ್ಟಿಕೊಂಡಿರ್ತೀನಿ, ಎಷ್ಟೇ ತುರಿಕೆ ಬಂದರೂ. ದಾಖಲೆಗಳನ್ನು ಮೊದಲೇ ಚಿಕ್ಕದು ಮಾಡಿ ಒಂದು ಫೋಲ್ಡರ್‌ನಲ್ಲಿ ಇಟ್ಟ ಮೇಲೇ ಲಾಗಿನ್.

ನಿನ್ನೆ ಅದೇ ಅಮ್ಮ ಇನ್ನೊಂದು ಅರ್ಜಿ ತಾವೇ ಹಾಕಿದರು. ಮುಕ್ಕಾಲು ಗಂಟೆ ಹಿಡಿಯಿತು. ಸ್ವೀಕೃತಿ ಸಂಖ್ಯೆ ಬಂತು. ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಒಂದೊಂದೇ ಅಂಕಿಗೆ ಬೆರಳಿಟ್ಟು ಪರದೆಯ ಜೊತೆ ಹೋಲಿಸಿದರು. ನೋಡೋಣ ಅಂತ ನಾನು ಬಗ್ಗಿದರೆ ನೋಟ್‌ಬುಕ್ ಮುಚ್ಚಿದರು.

"ಇದನ್ನೂ ಹೇಳಬಾರದು ತಾನೇ?"

ಸ್ವೀಕೃತಿ ಸಂಖ್ಯೆಗೂ ಒಟಿಪಿಗೂ ಇರೋ ವ್ಯತ್ಯಾಸ ಮುಂದಿನ ವಾರಕ್ಕೆ.