ತಪ್ಪು ಊರಿಗೇ ಗೊತ್ತಿರುವಾಗ ಡಿ.ಇ. ಯಾಕೆ?

ಡಿ.ಇ. ಅಂದರೆ ನೌಕರನ ತಪ್ಪಿನ ಬಗ್ಗೆ ಕಚೇರಿಯೇ ನಡೆಸುವ ಇಲಾಖಾ ವಿಚಾರಣೆ. ಅಲ್ಲಿ ಆರೋಪ ಹೊತ್ತ ನೌಕರನ ಪಕ್ಕ ಸಹಾಯಕನಾಗಿ ಕೂರುವುದು ನನ್ನ ಹವ್ಯಾಸವೇ ಆಗಿಬಿಟ್ಟಿದೆ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಜನ ಕೇಳುತ್ತಾರೆ: "ಕದ್ದಿದ್ದು ಊರಿಗೇ ಗೊತ್ತು. ಡಿ.ಇ. ಅಂತ ಸುಮ್ನೆ ಎಳೆಯೋದ್ಯಾಕೆ? ಮನೆಗೆ ಕಳಿಸಬಾರದಾ?"

ಆಗ ನಾನು ಕೆಜಿಎಫ್‌ನ ಒಂದು ಕೇಸು ಹೇಳುತ್ತೇನೆ. 1985ರ ಜೂನ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಪೊಲೀಸರಿಗೆ ನಾಲ್ಕೂವರೆ ಗ್ರಾಂನ ಚಿನ್ನದ ಉಂಡೆ, ಜೊತೆಗೆ ಸುಮಾರು ಒಂದೂಕಾಲು ಕೆಜಿ ಚಿನ್ನದ ಅಂಶವಿರುವ ಮರಳು ಸಿಕ್ಕಿತಂತೆ. ಪೊಲೀಸರು ಕ್ರಿಮಿನಲ್ ಕೇಸು ಹಾಕಿದರು. ಕಂಪನಿಯಿಂದ ಕೂಡಲೇ ಸಸ್ಪೆಂಡ್, ಬೆನ್ನಿಗೇ ಚಾರ್ಜ್‌ಶೀಟ್, ಅಂದರೆ ಡಿ.ಇ.ಯ ಆರೋಪ ಪಟ್ಟಿ. ಕೋರ್ಟ್ ಕೇಸು ಮುಗಿಯಲಿ, ಆಮೇಲೆ ಇಲಾಖಾ ವಿಚಾರಣೆ ಮಾಡಿ ಎಂದು ಅವರು ಬೇಡಿಕೊಂಡರು. ಕಂಪನಿ ಕೇಳಲಿಲ್ಲ. ಸಸ್ಪೆಂಡ್ ಆದವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಅವರಿದ್ದದ್ದು ಕೇರಳದ ಊರಿನಲ್ಲಿ. ಕೋಲಾರಕ್ಕೆ ಬಂದು ಹೋಗಲು ದುಡ್ಡೆಲ್ಲಿ? ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು.

ಮರುವರ್ಷ ಕ್ರಿಮಿನಲ್ ಕೋರ್ಟು, ಆ ದಾಳಿಯೂ ಜಪ್ತಿಯೂ ಸಾಬೀತಾಗಿಲ್ಲ ಎಂದು ಅವರನ್ನು ಖುಲಾಸೆ ಮಾಡಿತು. ಕೋರ್ಟಲ್ಲೂ ಡಿ.ಇ.ಯಲ್ಲೂ ಸಾಕ್ಷಿ ಹೇಳಿದ್ದು ಅದೇ ಪೊಲೀಸರು, ಜಪ್ತಿಗೆ ಸಾಕ್ಷಿಯಾಗಿದ್ದ ಅದೇ ಪಂಚರು! ಬಾಕಿ ಸಂಬಳ ಪೂರ್ತಿ ಕೊಟ್ಟು ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1999 ಬಂದಿತ್ತು.

ಹಾಗಂತ ಕೋರ್ಟಲ್ಲಿ ಗೆದ್ದವರೆಲ್ಲ ಡಿ.ಇ.ಯಿಂದಲೂ ಪಾರು ಅಂತಲ್ಲ. ಇಲಾಖಾ ವಿಚಾರಣೆಗೆ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಬೇಕಿಲ್ಲ. ಆದರೆ ಆರೋಪ ಏನೆಂದು ಸರಿಯಾಗಿ ತಿಳಿಸಬೇಕು. ವಿಚಾರಣಾ ವರದಿಯ ಪ್ರತಿ ಕೊಟ್ಟು, ಉತ್ತರ ಕೇಳಿ, ಆಮೇಲೆ ಶಿಕ್ಷೆ. ಇದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1993ರಲ್ಲೇ ಹೇಳಿದೆ. ಅವಸರದಲ್ಲಿ ಇಷ್ಟನ್ನೂ ಬಿಟ್ಟುಬಿಟ್ಟರೆ ನಿಜವಾಗಿ ಕದ್ದವನೂ ಅದೇ ನೆಪದಲ್ಲಿ ಕೋರ್ಟಿಂದ ವಾಪಸ್ ಬಂದು ಕುರ್ಚಿ ಮೇಲೆ ಕೂರುತ್ತಾನೆ.

ಇನ್ನು ಎಳೆದಾಟ. ಅದು ಜಾಸ್ತಿ ಹುಟ್ಟುವುದು ಚಾರ್ಜ್‌ಶೀಟಿನಲ್ಲೇ. ಒಂದು ಕಚೇರಿಯ ಅಟೆಂಡರ್ ತನ್ನದನ್ನು ನಾಲ್ಕಾಗಿ ಮಡಚಿ ಜೇಬಲ್ಲಿಟ್ಟುಕೊಂಡು ನನ್ನ ಹತ್ತಿರ ಬಂದಿದ್ದ. "ಮೇಲಧಿಕಾರಿಗಳೊಂದಿಗೆ ಪದೇಪದೇ ಅಸಭ್ಯವಾಗಿ ವರ್ತಿಸಿರುತ್ತೀರಿ." ಅಷ್ಟೇ. ಯಾವ ದಿನ, ಯಾರ ಜೊತೆ, ಏನಂದ? ಒಂದೂ ಇಲ್ಲ.

"ಸಾರ್, ಯಾವ್ದಕ್ಕೆ ಅಂತ ಉತ್ತರ ಬರೀಲಿ?" ಅಂದ.

ತಾರೀಖು ತಿಳಿಸಿ ಎಂದು ಅರ್ಜಿ ಹಾಕಿದೆವು. ಏಳು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು: "ಸದರಿ ಮಾಹಿತಿ ಕಡತದಲ್ಲಿ ಲಭ್ಯವಿರುವುದಿಲ್ಲ."