ಡಿಸೆಂಬರ್‌ನಲ್ಲಿ ಮಕ್ಕಳ ಜೊತೆ ರಾಣಿಪುರಂ ತುದಿಯಲ್ಲಿ ಟೆಂಟ್ ಹಾಕಬಹುದಾ?

ನವೆಂಬರ್ ಮುಗಿಯುವ ಹೊತ್ತಿಗೆ ಬದಿಯಡ್ಕ, ಮುಳ್ಳೇರಿಯಾ, ಪೆರ್ಲ ಕಡೆಯ ಪರಿಚಯದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಶಾಲೆಗೆ ಕ್ರಿಸ್‌ಮಸ್ ರಜೆ ಬರುತ್ತದೆ. ಒಂದು ಶನಿವಾರ ಮನೆಮಂದಿಯೆಲ್ಲ ಹೋಗಿ, ಗುಡ್ಡದ ಮೇಲೆ ಮಲಗಿ, ಭಾನುವಾರ ವಾಪಸ್ ಬರುವ ಆಸೆ. ಜೊತೆಗೆ ಒಂದು ಫೋಟೋವನ್ನೂ ಕಳಿಸುತ್ತಾರೆ. ಹಸಿರು ಬೋಳುಗುಡ್ಡ, ಮೇಲೆ ಕೆಂಪು ಟೆಂಟ್, ಕೆಳಗೆ ಮೋಡ.

ತುದಿಯಲ್ಲಿ ಬೇಡ. ಬುಡದಲ್ಲಿ ಧಾರಾಳವಾಗಿ ಹಾಕಿ.

ಕೇರಳದ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡ ಅರಣ್ಯ ಇಲಾಖೆಯದ್ದು. ಹಗಲು ಟಿಕೆಟ್ ತೆಗೆದುಕೊಂಡು ಹತ್ತಿ, ಹಗಲೇ ಇಳಿಯಬೇಕು. ಆಚೆ ಬದಿಗೆ ಕರ್ನಾಟಕದ ತಲಕಾವೇರಿ ವನ್ಯಜೀವಿಧಾಮ ತಾಗಿಕೊಂಡೇ ಇದೆ. ಆನೆಗಳು ಅಲ್ಲಿಂದ ಇಲ್ಲಿಗೆ ಓಡಾಡುತ್ತವೆ. ಕಾರಡ್ಕ, ದೇಲಂಪಾಡಿಯ ತೋಟದವರಿಗೆ ಆನೆ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ತಿರ ಟೆಂಟಿನಲ್ಲಿ ತಂಗಲು ಹೋಗಿದ್ದ ಯುವತಿಯೊಬ್ಬರು ಆನೆ ದಾಳಿಗೆ ಸಿಕ್ಕಿ ತೀರಿಕೊಂಡರು. ಅದೂ ಕಾಡಿನ ನಡುವೆ ಕದ್ದು ಹಾಕಿದ ಟೆಂಟ್ ಅಲ್ಲ, ದುಡ್ಡು ಕೊಟ್ಟು ಉಳಿದ ಜಾಗ.

ಹಾಗಾಗಿ ನಾನು ಹೇಳುವುದು ಇಷ್ಟು: ನೋಡುವ ಜಾಗವೇ ಮಲಗುವ ಜಾಗ ಆಗಬೇಕಾಗಿಲ್ಲ. ಬುಡದ ಊರಿನಲ್ಲಿ, ಇಲ್ಲವೇ ಪಾಣತ್ತೂರು ಕಡೆ, ಹೋಂಸ್ಟೇಯವರ ಅಂಗಳದಲ್ಲೋ ರಬ್ಬರ್ ತೋಟದ ಮನೆಯ ಪಕ್ಕದಲ್ಲೋ ಟೆಂಟ್ ಹಾಕಿ. ಬೆಳಿಗ್ಗೆ ಗೇಟ್ ತೆಗೆದ ಕೂಡಲೇ ಗುಡ್ಡ ಹತ್ತಿ. ಮಕ್ಕಳಿಗೆ ಟೆಂಟ್ ಮುಖ್ಯ, ಅದು ಎಷ್ಟು ಮೀಟರ್ ಎತ್ತರದಲ್ಲಿದೆ ಅಂತ ಅವರು ಯಾವತ್ತೂ ಕೇಳುವುದಿಲ್ಲ. ಕೇಳುವುದು ನಾವೇ, ಸ್ಟೇಟಸ್ ಹಾಕಲಿಕ್ಕೆ.

ಹೋಂಸ್ಟೇಯವರಿಗೆ ಫೋನ್ ಮಾಡಿದಾಗ ಬಾಡಿಗೆಗಿಂತ ಮೊದಲು ಒಂದು ವಿಷಯ ಕೇಳಿ. ಟೆಂಟಿನಿಂದ ಟಾಯ್ಲೆಟ್‌ಗೆ ಎಷ್ಟು ದೂರ, ದಾರಿಯಲ್ಲಿ ಲೈಟ್ ಇದೆಯಾ? ಚಳಿಯಲ್ಲಿ ಮಕ್ಕಳು ರಾತ್ರಿ ಎರಡು ಸಲವಾದರೂ ಏಳುತ್ತಾರೆ. ಅಜ್ಜ-ಅಜ್ಜಿ ಜೊತೆಗಿದ್ದರೆ ಅವರಿಗೆ ಒಳಗೆ ಒಂದು ಕೋಣೆ ಹೇಳಿಬಿಡಿ. ಮಧ್ಯರಾತ್ರಿ ಮಳೆ ಬಂದರೆ ಎಲ್ಲರೂ ನುಗ್ಗಲಿಕ್ಕೂ ಅದೇ ಕೋಣೆ.

ಡಿಸೆಂಬರ್‌ನಲ್ಲಿ ಮಳೆಯಾ ಅನ್ನಬೇಡಿ. 2024ರಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕಡೆಗೂ ಜೋರು ಮಳೆ ಸುರಿಯಿತು. ಅಂಗಳದಲ್ಲಿ ಅಡಿಕೆ ಹಾಕಿದ್ದವರಿಗೆ ನೆನಪಿರಬಹುದು. ಡಿಸೆಂಬರ್ ಹದಿನೈದರ ನಂತರ ಜನವರಿ ಕೊನೆಯವರೆಗೆ ಒಳ್ಳೆಯ ಸಮಯ. ಕ್ರಿಸ್‌ಮಸ್ ವಾರ ಮಾತ್ರ ಬಿಡಿ, ರಸ್ತೆಯೂ ರೂಮೂ ತುಂಬಿರುತ್ತವೆ. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ.

ಇನ್ನು ಚಳಿ. ಇದರ ಬಗ್ಗೆ ಎರಡು ರೀತಿಯ ಜನ ಸಿಗುತ್ತಾರೆ. "ಅದೇನು ಮಡಿಕೇರಿಯಾ?" ಅಂತ ಒಂದು ಬೆಡ್‌ಶೀಟ್ ಹಿಡಿದು ಹೊರಡುವವರು, ಹಿಮಾಲಯಕ್ಕೆ ಹೋಗುವಷ್ಟು ಸಾಮಾನು ಕಟ್ಟುವವರು. ಸ್ವಲ್ಪ ಲೆಕ್ಕ ಹಾಕಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆ. ರಾಣಿಪುರಂ ಬುಡವೇ ಸುಮಾರು 750 ಮೀಟರ್ ಎತ್ತರದಲ್ಲಿದೆ, ತುದಿ ಸಾವಿರ ದಾಟುತ್ತದೆ. ಅಂದರೆ ಕಾಸರಗೋಡು ಪೇಟೆಗಿಂತ ಬುಡದಲ್ಲಿ ಐದು ಡಿಗ್ರಿಯಷ್ಟು ಕಡಿಮೆ. ಗಾಳಿ ಬೀಸಿದರೆ ಚಳಿ ಇನ್ನೂ ಜಾಸ್ತಿ ಅನಿಸುತ್ತದೆ. ನಾವು ಸೆಕೆಯ ಊರಿನವರು, ಫ್ಯಾನ್ ಇಲ್ಲದೆ ನಿದ್ದೆ ಬಾರದವರು. ನಮಗೆ ಅಷ್ಟೇ ಸಾಕು ನಡುಗಲಿಕ್ಕೆ.

ಆದರೆ ಚಳಿ ಮೇಲಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು. ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಮೇಲೆ ಎರಡು ಕಂಬಳಿ ಹೊದ್ದರೂ ಬೆನ್ನು ತಣ್ಣಗಾದರೆ ನಿದ್ದೆ ಇಲ್ಲ. ಗಾಳಿ ತುಂಬುವ ಹಾಸಿಗೆ ಮೆತ್ತಗಿದ್ದರೂ ಚಳಿಗೆ ಅಷ್ಟೇನೂ ಆಗುವುದಿಲ್ಲ, ಒಳಗಿನ ಗಾಳಿಯೇ ತಣ್ಣಗಾಗುತ್ತದೆ. ಅದಕ್ಕಿಂತ ಟಾರ್ಪಾಲ್ ಮೇಲೆ ದಪ್ಪಕ್ಕೆ ಬೈಹುಲ್ಲು, ಅದರ ಮೇಲೆ ಟೆಂಟ್, ಒಳಗೆ ಯೋಗ ಮ್ಯಾಟ್, ಮೇಲೆ ಜಮಖಾನ. ಹಟ್ಟಿ ಇರುವ ಮನೆಯಾದರೆ ಬೈಹುಲ್ಲು ಅಲ್ಲೇ ಸಿಗುತ್ತದೆ. ಸುಮ್ನೆ ಸಾವಿರಾರು ರೂಪಾಯಿಯ ಸ್ಲೀಪಿಂಗ್ ಬ್ಯಾಗ್ ಮನೆಮಂದಿಗೆಲ್ಲ ತೆಗೆಯಬೇಡಿ, ವರ್ಷಕ್ಕೆ ಒಂದು ರಾತ್ರಿಗೆ.

ಟೆಂಟಿಗೆ ತಗ್ಗು ಜಾಗವನ್ನೂ ಆರಿಸಬೇಡಿ. ರಾತ್ರಿ ಆಕಾಶ ಸ್ವಚ್ಛ ಇದ್ದಾಗ ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತೋಡಿನ ಬದಿಯಲ್ಲಿ ನಿಲ್ಲುತ್ತದೆ. ತೋಡಿನಿಂದ ನಾಲ್ಕು ಮೆಟ್ಟಿಲು ಮೇಲಿನ ಅಂಗಳ ಅದಕ್ಕಿಂತ ಬೆಚ್ಚಗಿರುತ್ತದೆ. ಮತ್ತೆ, ಚಳಿ ಅಂತ ಟೆಂಟಿನ ಕಿಟಕಿಯನ್ನೆಲ್ಲ ಮುಚ್ಚಬೇಡಿ. ನಾಲ್ಕು ಜನರ ಉಸಿರು ಒಳಗೇ ಕಟ್ಟಿ, ಬೆಳಗಾಗುವಾಗ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತದೆ. ಇಬ್ಬನಿ ಸೋರಿತು ಅಂದುಕೊಳ್ಳುತ್ತಾರೆ, ಅದು ನಮ್ಮದೇ ಉಸಿರು.

ಇದೊಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೆಂಡದ ಬಾಣಲೆ, ಗ್ಯಾಸ್ ಸ್ಟವ್, ಏನನ್ನೂ ಟೆಂಟಿನ ಒಳಗೆ ತರಬೇಡಿ. ಐದೇ ನಿಮಿಷ ಅಂತಲೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲಿ ಇರುವವರಿಗೆ ಗೊತ್ತೇ ಆಗುವುದಿಲ್ಲ. ಮೈ ಕಾಯಿಸುವುದು ಹೊರಗೆ, ಮನೆಯವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲಿ.

ಮನೆಯಿಂದ ಹೊರಡುವವರು ಮರೆಯುವ ಇನ್ನೊಂದು ಸಂಗತಿ ರಾತ್ರಿಯ ಉದ್ದ. ಆರೂಕಾಲರ ಒಳಗೆ ಸೂರ್ಯ ಮುಳುಗಿದರೆ ಮತ್ತೆ ಮುಖ ತೋರಿಸುವುದು ಏಳಕ್ಕೆ ಸ್ವಲ್ಪ ಮೊದಲು. ಸಿಗ್ನಲ್ ಸರಿ ಇಲ್ಲದ ಕಡೆ ಹನ್ನೆರಡು ಗಂಟೆ ಕತ್ತಲೆಯಲ್ಲಿ ಮಕ್ಕಳನ್ನು ಏನು ಮಾಡುತ್ತೀರಿ? ಅದಕ್ಕೇ ನಾಲ್ಕು ಗಂಟೆಗೆ ಮೊದಲು ತಲುಪಿ, ಬೆಳಕಿರುವಾಗಲೇ ಟೆಂಟ್ ಏರಿಸಿ. ಊಟ ಬೇಗ ಮುಗಿಸಿ. ಅಡುಗೆಯೆಲ್ಲ ಅಲ್ಲೇ ಮಾಡುವ ಹುಚ್ಚು ಬೇಡ, ಕೊಟ್ಟಿಗೆ ಕಡುಬೋ ಚಪಾತಿಯೋ ಮನೆಯಿಂದಲೇ ಒಯ್ಯಿರಿ. ಅಲ್ಲಿ ಬೇಕಿದ್ದರೆ ಗಂಜಿ ಮಾತ್ರ ಬೇಯಿಸಿ, ಜೊತೆಗೆ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇದ್ದರೆ ಸಾಕು. ಆಮೇಲೆ ಆಕಾಶ ನೋಡಿ. ಪೂರ್ವದಲ್ಲಿ ಕೃತ್ತಿಕೆ, ಅದರ ಹಿಂದೆ ರೋಹಿಣಿ, ಆಮೇಲೆ ಮೃಗಶಿರ ಒಂದೊಂದಾಗಿ ಏರುತ್ತವೆ. ಅಜ್ಜಿ ಪಂಚಾಂಗದಲ್ಲಿ ಓದುವ ಹೆಸರುಗಳು ಅಲ್ಲಿ ನಿಜವಾಗಿ ಇವೆ ಅಂತ ಮಕ್ಕಳಿಗೆ ಕಂಡುಬಿಡುತ್ತದೆ. ಡಿಸೆಂಬರ್ 13-14ರ ಸುತ್ತಮುತ್ತ ಹೋದರೆ ಜೆಮಿನಿಡ್ ಉಲ್ಕೆಗಳೂ ಸಿಗಬಹುದು. ಹುಣ್ಣಿಮೆ ಹತ್ತಿರ ಇರಬಾರದು ಅಷ್ಟೇ.

ತಿಂಡಿಯ ತೊಟ್ಟೆಯನ್ನು ಮನೆಯ ಒಳಗೋ ಕಾರಿನಲ್ಲೋ ಇಡಿ, ಟೆಂಟಿನಲ್ಲಿ ಬೇಡ.

ದಾರಿ ಸುಲಭ. ಕಾಞಂಗಾಡಿನಿಂದ ರಾಜಪುರಂ ಮೇಲೆ ಹೋದರೆ ಐವತ್ತು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಸುಳ್ಯ ಕಡೆಯವರು ಪಾಣತ್ತೂರಿಗೇ ಬರಬಹುದು. ಕೊನೆಯ ಏರು ತಿರುವಿನದ್ದು, ವಾಂತಿ ಮಾಡುವ ಮಕ್ಕಳಿದ್ದರೆ ಹೊಟ್ಟೆ ತುಂಬಿಸಿ ಕೂರಿಸಬೇಡಿ.

ಬೆಳಿಗ್ಗೆ ಹತ್ತುವಾಗ ಮೊದಲು ನೆರಳಿನ ಕಾಡು, ಆಮೇಲೆ ಬಯಲು ಹುಲ್ಲು. ಮಳೆಗಾಲದ ಇಂಬಳ ಈಗ ಇರುವುದಿಲ್ಲ, ಆದರೆ ಹುಲ್ಲಿನಲ್ಲಿ ಉಣುಗು ಇರಬಹುದು. ಉದ್ದ ಪ್ಯಾಂಟ್ ಹಾಕಿಸಿ, ಇಳಿದ ಮೇಲೆ ಕಿವಿ ಹಿಂದೆ, ಕಂಕುಳು ನೋಡಿ. ಸಣ್ಣವರಿಗೆ ಸುಸ್ತಾದರೆ ಹುಲ್ಲುಗಾವಲು ಶುರುವಾಗುವಲ್ಲಿಂದಲೇ ತಿರುಗಿ ಬನ್ನಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ.

ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಮಡಚಿ ಡಿಕ್ಕಿಗೆ ತುರುಕಿದ್ದರೆ, ಭಾನುವಾರ ಸಂಜೆಯೇ ತೆಗೆದು ಟೆರೇಸಿನಲ್ಲಿ ಹರವಿ. ಸೋಮವಾರಕ್ಕೆ ಬಿಟ್ಟರೆ ಬೂಸ್ಟು ಬರುತ್ತದೆ. ಬಾಡಿಗೆಯ ಟೆಂಟ್ ಆದರೆ ಅಡ್ವಾನ್ಸ್ ವಾಪಸ್ ಸಿಗುವುದಿಲ್ಲ.